ಕೂದಲು ಕೀಳುವ ಗೀಳಿಗೆ ಗುಳಿಗೆ ಇದೆಯೇ?

ನಲವತ್ತು ವಿದ್ಯಾರ್ಥಿಗಳಿರುವ ಒಂದು ತರಗತಿಯನ್ನು ಗಮನವಿಟ್ಟು ನೋಡಿ. ಒಬ್ಬರು ಉಗುರು ಕಚ್ಚುತ್ತಿರುತ್ತಾರೆ. ಇನ್ನೊಬ್ಬರು ಪೆನ್ನಿನ ತುದಿ ಅಗಿಯುತ್ತಿರುತ್ತಾರೆ. ಮತ್ತೊಬ್ಬರು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಕುಳಿತಿರುತ್ತಾರೆ. ಇವೆಲ್ಲ ನಾವು ನಕ್ಕು ಸುಮ್ಮನಾಗುವ ಅಭ್ಯಾಸಗಳು. ಆದರೆ ಕೆಲವರ ಕೈ ಅಲ್ಲಿಗೆ ನಿಲ್ಲುವುದಿಲ್ಲ. ನೆತ್ತಿಯ, ಹುಬ್ಬಿನ, ರೆಪ್ಪೆಯ ಕೂದಲನ್ನು ಒಂದೊಂದಾಗಿ ಹುಡುಕಿ ಕೀಳುತ್ತದೆ. ಬೋಳು ತೇಪೆಗಳು ಮೂಡುತ್ತವೆ. ನಿಲ್ಲಿಸಬೇಕೆಂದು ಅವರೇ ಬಯಸಿದರೂ ನಿಲ್ಲಿಸಲು ಆಗುವುದಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಪ್ರಾಯೋಗಿಕ ತರಗತಿಯಲ್ಲಿ ಇಂಥ ಒಬ್ಬ ವಿದ್ಯಾರ್ಥಿನಿ ಇದ್ದಳು. ಅದು ನನಗೆ ಗೊತ್ತಿರಲಿಲ್ಲ. ಸೆಖೆಗಾಲದಲ್ಲೂ ತಲೆಗೆ ಬಟ್ಟೆ ಕಟ್ಟಿ ಬರುತ್ತಿದ್ದಳು. ರೀಡಿಂಗ್ ಬರೆಯುವಾಗ ಎಡಗೈ ಆ ಬಟ್ಟೆಯೊಳಗೇ ಇರುತ್ತಿತ್ತು. "ಕೈ ಕೆಳಗಿಡು, ಗಮನ ಕೊಡು" ಎಂದು ಎಲ್ಲರೆದುರಿಗೆ ಗದರಿದೆ. ಮುಂದಿನ ವಾರದಿಂದ ಅವಳು ಹಿಂದಿನ ಮೇಜಿಗೆ ಹೋದಳು. ವಿಷಯ ಏನೆಂದು ಅವಳ ಗೆಳತಿ ಹೇಳಿದ್ದು ವರ್ಷದ ಕೊನೆಯಲ್ಲಿ. ನಾನು ಭೌತವಿಜ್ಞಾನದ ಅಧ್ಯಾಪಕ, ವೈದ್ಯನಲ್ಲ. ಆದರೂ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಇದಕ್ಕೆ ಔಷಧವಿದೆಯೇ? ಇದೆಯೆಂದರೆ, ಅದು ಕೆಲಸ ಮಾಡುತ್ತದೆಂದು ಗೊತ್ತುಮಾಡಿಕೊಂಡದ್ದು ಹೇಗೆ? ಎರಡನೆಯ ಪ್ರಶ್ನೆಯ ಉತ್ತರ ಮೊದಲನೆಯದಕ್ಕಿಂತ ಸ್ವಾರಸ್ಯಕರವಾಗಿದೆ. ಪ್ರಯೋಗ ಮಾಡಿಸುವ ಯಾವ ಶಿಕ್ಷಕರಿಗೂ ಅದು ಪರಿಚಿತವೆನಿಸುತ್ತದೆ.

ಈ ತೊಂದರೆಗೆ ಹೆಸರು ಕೊಟ್ಟವರು ಫ್ರಾನ್ಸಿನ ಚರ್ಮವೈದ್ಯ ಫ್ರಾನ್ಸ್ವಾ ಆನ್ರಿ ಅಲೊಪೊ. 1889ರಲ್ಲಿ ಅವರು ಮೈಮೇಲಿನ ಕೂದಲನ್ನೆಲ್ಲ ಕಿತ್ತುಕೊಳ್ಳುತ್ತಿದ್ದ ಒಬ್ಬ ಯುವಕನನ್ನು ವರ್ಣಿಸಿದರು. ಗ್ರೀಕ್ ಭಾಷೆಯ ಕೂದಲು, ಕೀಳು, ಹುಚ್ಚು ಎಂಬ ಮೂರು ಪದಗಳನ್ನು ಜೋಡಿಸಿದರೆ ಟ್ರೈಕೊಟಿಲೊಮೇನಿಯ. ಕೊನೆಯ ಪದ ಅನ್ಯಾಯದ್ದು. ಇವರು ಹುಚ್ಚರಲ್ಲ. ತಾವು ಮಾಡುತ್ತಿರುವುದೇನು ಎಂಬ ಪೂರ್ಣ ಅರಿವು ಅವರಿಗಿರುತ್ತದೆ. ನೂರು ಜನರಲ್ಲಿ ಒಬ್ಬರೋ ಇಬ್ಬರೋ ಬದುಕಿನಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆಂದು ಅಂದಾಜು. ಸಾಮಾನ್ಯವಾಗಿ ಆರಂಭವಾಗುವುದು ಹತ್ತರಿಂದ ಹದಿಮೂರರ ವಯಸ್ಸಿನಲ್ಲಿ, ಎಂದರೆ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ. ವೈದ್ಯರ ಬಳಿ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕೆಲವರು ಕಿತ್ತ ಕೂದಲನ್ನು ನುಂಗುವುದೂ ಉಂಟು. ಕೂದಲು ಜೀರ್ಣವಾಗದು. ಅದು ಜಠರದಲ್ಲಿ ಉಂಡೆಕಟ್ಟಿ, ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾದ ಪ್ರಸಂಗಗಳಿವೆ.

ಅಲೊಪೊ ಹೆಸರಿಟ್ಟ ಮೇಲೆ ಸರಿಯಾಗಿ ನೂರು ವರ್ಷ ಕಳೆಯಿತು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ, ಜೂಡಿತ್ ರಾಪಪೋರ್ಟ್ ಮತ್ತು ಸಂಗಡಿಗರು ಈ ಗೀಳಿಗೆ ಔಷಧದ ಮೊದಲ ನಿಯಂತ್ರಿತ ಪ್ರಯೋಗವನ್ನು ಪ್ರಕಟಿಸಿದರು. ಪ್ರಕಟವಾದದ್ದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ. ಭಾಗವಹಿಸಿದವರು ಹದಿಮೂರು ಮಹಿಳೆಯರು ಮಾತ್ರ. ಇಷ್ಟು ಚಿಕ್ಕ ಪ್ರಯೋಗದ ಬಗ್ಗೆ ಇಲ್ಲಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಏಕೆಂದರೆ ಅದರ ರಚನೆ ಬಹಳ ಜಾಣತನದ್ದು.

ಅವರ ತರ್ಕ ಹೀಗಿತ್ತು. ಪದೇ ಪದೇ ಕೈ ತೊಳೆಯುವ, ಬೀಗ ಹಾಕಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸುವ ಗೀಳು ಕಾಯಿಲೆಗೆ ಕ್ಲೋಮಿಪ್ರಮೀನ್ ಎಂಬ ಔಷಧ ಪರಿಣಾಮಕಾರಿ ಎಂದು ಅಷ್ಟರಲ್ಲಿ ತಿಳಿದಿತ್ತು. ಅದು ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೊನಿನ್ ಎಂಬ ವಸ್ತು ಬೇಗ ಮರುಹೀರಿಕೆಯಾಗದಂತೆ ತಡೆಯುತ್ತದೆ. ಕೂದಲು ಕೀಳುವುದೂ ತಡೆಯಲಾಗದ ಪುನರಾವರ್ತನೆಯೇ ಆದ್ದರಿಂದ ಅದೇ ಔಷಧ ಇಲ್ಲಿಯೂ ಕೆಲಸ ಮಾಡೀತೆ?

ಔಷಧ ಕೊಟ್ಟು, ರೋಗಿ ಸುಧಾರಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಈ ಗೀಳು ತಾನಾಗಿಯೇ ಏರಿ ಇಳಿಯುತ್ತದೆ. ಜನ ವೈದ್ಯರ ಬಳಿ ಬರುವುದು ಅದು ಉತ್ತುಂಗದಲ್ಲಿರುವಾಗ. ಅಲೆಯ ಶೃಂಗದಲ್ಲಿ ಅಳೆಯಲು ಆರಂಭಿಸಿದರೆ ಮುಂದಿನ ರೀಡಿಂಗ್ ಕೆಳಗೇ ಇರುವ ಸಂಭವ ಹೆಚ್ಚು. ಆಗ ಕೊಟ್ಟದ್ದು ಬೆಲ್ಲದ ಚೂರಾದರೂ ಕೀರ್ತಿ ಅದಕ್ಕೇ. ಜೊತೆಗೆ, ಔಷಧ ತೆಗೆದುಕೊಂಡೆನೆಂಬ ನಂಬಿಕೆಯಿಂದಲೇ ಒಂದಿಷ್ಟು ಸುಧಾರಣೆ ಕಾಣುತ್ತದೆ. ಆದ್ದರಿಂದ ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಆ ಗುಂಪಿಗೆ ನೋಡಲು ಹಾಗೆಯೇ ಇರುವ, ಸತ್ತ್ವವಿಲ್ಲದ ಹುಸಿಗುಳಿಗೆ ಕೊಡಬೇಕು. ಯಾರಿಗೆ ಯಾವುದು ಎಂಬುದು ರೋಗಿಗೂ ಅಳೆಯುವ ವೈದ್ಯರಿಗೂ ತಿಳಿಯಬಾರದು. ಇದಕ್ಕೆ ಡಬಲ್ ಬ್ಲೈಂಡ್ ಪ್ರಯೋಗವೆಂದು ಹೆಸರು.

ಇಲ್ಲಿ ಒಂದು ತೊಡಕಿದೆ. ಕ್ಲೋಮಿಪ್ರಮೀನ್ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ. ಹುಸಿಗುಳಿಗೆ ಅದನ್ನು ಮಾಡುವುದಿಲ್ಲ. ಬಾಯಿ ಒಣಗಿದ ಕೂಡಲೇ "ನನಗೆ ಸಿಕ್ಕಿದ್ದು ನಿಜವಾದ ಔಷಧ" ಎಂದು ರೋಗಿಗೆ ತಿಳಿದುಬಿಡುತ್ತದೆ. ಕಣ್ಣಿಗೆ ಕಟ್ಟಿದ ಬಟ್ಟೆ ಜಾರಿಬಿಡುತ್ತದೆ. ಸ್ವೀಡೊ ತಂಡ ಹುಸಿಗುಳಿಗೆಯ ಬದಲು ಡೆಸಿಪ್ರಮೀನ್ ಎಂಬ ಇನ್ನೊಂದು ಔಷಧವನ್ನು ಆರಿಸಿತು. ರಾಸಾಯನಿಕವಾಗಿ ಅದು ಕ್ಲೋಮಿಪ್ರಮೀನಿನ ದಾಯಾದಿ. ಖಿನ್ನತೆಗೆ ಕೊಡುವಂಥದ್ದು, ಬಾಯಿಯನ್ನೂ ಒಣಗಿಸುತ್ತದೆ. ಆದರೆ ಅದು ಮುಖ್ಯವಾಗಿ ಪ್ರಭಾವಿಸುವುದು ನಾರ್‌ಎಪಿನೆಫ್ರಿನ್ ಎಂಬ ಬೇರೊಂದು ವಾಹಕವನ್ನು. ಸೆರೊಟೊನಿನ್ ಮೇಲೆ ಅದರ ಪ್ರಭಾವ ಕಡಿಮೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಅದನ್ನು ನಂಬಿಕೆಗೆ ಆರೋಪಿಸುವುದು ಕಷ್ಟ, ಖಿನ್ನತೆ ಕಡಿಮೆಯಾದುದರ ಫಲವೆನ್ನುವುದೂ ಕಷ್ಟ. ಒಂದು ಚರವನ್ನು ಮಾತ್ರ ಬದಲಿಸಿ ಉಳಿದುದನ್ನು ಸ್ಥಿರವಾಗಿಡಿ ಎಂದು ನಾವು ಪ್ರಯೋಗಾಲಯದಲ್ಲಿ ಹೇಳುತ್ತೇವಲ್ಲ, ಜೀವಂತ ಮನುಷ್ಯರಲ್ಲಿ ಅದಕ್ಕೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹತ್ತಿರ ಅವರು ಹೋದರು.

ಇನ್ನೊಂದು ಉಪಾಯವೂ ಇತ್ತು. ಪ್ರತಿಯೊಬ್ಬರಿಗೂ ಐದು ವಾರ ಒಂದು ಔಷಧ, ಬಳಿಕ ಐದು ವಾರ ಇನ್ನೊಂದು. ಹೀಗೆ ಪ್ರತಿ ರೋಗಿಯೂ ತನಗೆ ತಾನೇ ಹೋಲಿಕೆಯಾಗುತ್ತಾರೆ. ಪಿಯುಸಿಯಲ್ಲಿ ಮೀಟರ್ ಸೇತುವೆಯ ಪ್ರಯೋಗ ಮಾಡಿದವರಿಗೆ ನೆನಪಿರಬಹುದು. ಎಡ ಬಲದ ರೋಧಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆದರೆ ತುದಿಯ ದೋಷ ಬಹುಮಟ್ಟಿಗೆ ಕಳೆದುಹೋಗುತ್ತದೆ. ಇದೂ ಅದೇ ತಂತ್ರ. ಆದರೆ ಮನುಷ್ಯ ತಾಮ್ರದ ಪಟ್ಟಿಯಲ್ಲ. ಮೊದಲ ಔಷಧದ ಪ್ರಭಾವ ಎರಡನೆಯ ಅವಧಿಗೂ ಉಳಿದುಕೊಳ್ಳಬಹುದು, ಕಾಂತಕ್ಷೇತ್ರ ತೆಗೆದ ಮೇಲೂ ಕಬ್ಬಿಣದಲ್ಲಿ ಕಾಂತತ್ವ ಉಳಿಯುವಂತೆ.

ಫಲಿತಾಂಶ ಸ್ಪಷ್ಟವಾಗಿತ್ತು. ವೈದ್ಯರ ಮಾಪನದಲ್ಲಿ ಕ್ಲೋಮಿಪ್ರಮೀನ್ ಡೆಸಿಪ್ರಮೀನಿಗಿಂತ ಮೇಲಾಯಿತು. ಸಹಜವಾಗಿಯೇ ಉತ್ಸಾಹ ಉಕ್ಕಿತು. ಅದೇ ರಾಪಪೋರ್ಟ್ 1992ರಲ್ಲಿ ತಮ್ಮ ಪಂಜವನ್ನು ಹುಣ್ಣಾಗುವಷ್ಟು ನೆಕ್ಕಿಕೊಳ್ಳುವ ಸಾಕುನಾಯಿಗಳ ಮೇಲೂ ಇಂಥ ಪ್ರಯೋಗ ನಡೆಸಿದರು. ಅಲ್ಲಿಯೂ ಸೆರೊಟೊನಿನ್ ಔಷಧಗಳು ಗೆದ್ದವು. ನಾಯಿಗೆ ಔಷಧದ ಮೇಲೆ ನಂಬಿಕೆಯ ಪ್ರಶ್ನೆಯೇ ಇಲ್ಲ ಎಂದುಕೊಳ್ಳಬೇಡಿ. ನಂಬಿಕೆ ಅದರ ಯಜಮಾನರಿಗಿರುತ್ತದೆ, ಆದ್ದರಿಂದ ಕಣ್ಣು ಕಟ್ಟುವ ನಿಯಮ ಅಲ್ಲಿಯೂ ಬೇಕು.

ಕೂದಲು ಕೀಳುವುದು ಗೀಳು ಕಾಯಿಲೆಯ ತಂಗಿ, ಸೆರೊಟೊನಿನ್ ಸರಿಪಡಿಸಿದರೆ ಎರಡೂ ಹೋಗುತ್ತವೆ ಎಂಬ ಚಿತ್ರ ಸುಂದರವಾಗಿತ್ತು. ಆಗತಾನೆ ಮಾರುಕಟ್ಟೆಗೆ ಬಂದಿದ್ದ ಫ್ಲೂಆಕ್ಸೆಟೀನ್ ಸೆರೊಟೊನಿನ್ನನ್ನೇ ಗುರಿಯಾಗಿಸಿಕೊಂಡ ಔಷಧ, ಅಡ್ಡಪರಿಣಾಮಗಳೂ ಕಡಿಮೆ. ಚಿತ್ರ ನಿಜವಾದರೆ ಅದು ಇನ್ನೂ ಚೆನ್ನಾಗಿ ಕೆಲಸ ಮಾಡಬೇಕು. 1991ರಲ್ಲಿ ಮಿನೆಸೋಟದ ಗ್ಯಾರಿ ಕ್ರಿಸ್ಟೆನ್‌ಸನ್ ತಂಡ ಅದನ್ನು ಹುಸಿಗುಳಿಗೆಯೊಂದಿಗೆ ಹೋಲಿಸಿತು. ಆರು ವಾರ ಒಂದು, ಆರು ವಾರ ಇನ್ನೊಂದು, ನಡುವೆ ಹಳೆಯ ಔಷಧ ದೇಹದಿಂದ ಹೋಗಲು ಐದು ವಾರದ ಬಿಡುವು. ವ್ಯತ್ಯಾಸ ಕಾಣಲಿಲ್ಲ. 1995ರಲ್ಲಿ ಇನ್ನಷ್ಟು ದೀರ್ಘ ಅವಧಿಯ ಇನ್ನೊಂದು ಪ್ರಯೋಗ ನಡೆಯಿತು. ಅದರಲ್ಲೂ ಇಲ್ಲ.

ಇದಕ್ಕೂ ಮೊದಲು ಯಾವ ಹೋಲಿಕೆಯೂ ಇಲ್ಲದೆ ಫ್ಲೂಆಕ್ಸೆಟೀನ್ ಕೊಟ್ಟು ನೋಡಿದ ವರದಿಗಳು ಆಶಾದಾಯಕವಾಗಿದ್ದವು. ಹೋಲಿಕೆ ಸೇರಿದ ಕೂಡಲೇ ಆಶೆ ಕರಗಿತು. ಒಂದು ಸುಂದರ ಸಿದ್ಧಾಂತ ತಾನೇ ಮುನ್ನುಡಿದ ಪ್ರಯೋಗದಲ್ಲಿ ಸೋತಿತು ಎನ್ನಬೇಕು. ಭೌತವಿಜ್ಞಾನದಲ್ಲಿ ಇಂಥದ್ದು ನಡೆದರೆ ನಾವು ಪಠ್ಯಪುಸ್ತಕದಲ್ಲಿ ಅಧ್ಯಾಯವನ್ನೇ ಬರೆಯುತ್ತೇವೆ. ವೈದ್ಯಕೀಯದಲ್ಲಿ ಸೋತ ಪ್ರಯೋಗಗಳು ಬೇಗ ಮರೆತುಹೋಗುತ್ತವೆ.

ಅಳತೆಯ ಕಷ್ಟವನ್ನೂ ಹೇಳಬೇಕು. ಕೀಳುವುದನ್ನು ಅಳೆಯುವುದು ಹೇಗೆ? ಕಿತ್ತ ಕೂದಲನ್ನು ಎಣಿಸುವುದೇ? ಹೆಚ್ಚಿನವರು ಓದುವಾಗ, ಟಿವಿ ನೋಡುವಾಗ ಅರಿವಿಲ್ಲದೆ ಕೀಳುತ್ತಾರೆ. ಲೆಕ್ಕ ಬರೆದಿಡಿ ಎಂದರೆ ಅರಿವು ಬರುತ್ತದೆ. ಅರಿವು ಬಂದರೆ ಕೀಳುವುದು ಕಡಿಮೆಯಾಗುತ್ತದೆ. ಬಿಸಿನೀರಿಗೆ ತಣ್ಣನೆಯ ಥರ್ಮಾಮೀಟರ್ ಅದ್ದಿದಾಗ ನೀರಿನ ತಾಪವೇ ಒಂದಿಷ್ಟು ಇಳಿಯುವಂತೆ, ಇಲ್ಲಿ ಅಳತೆಯೇ ಅಳೆಯುವ ವಸ್ತುವನ್ನು ಬದಲಿಸುತ್ತದೆ. 1995ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಏಳು ಪ್ರಶ್ನೆಗಳ, 0ರಿಂದ 28 ಅಂಕಗಳ ಒಂದು ಮಾಪಕವನ್ನು ರೂಪಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಒಂದೇ ಅಳತೆಗೋಲು ಇಲ್ಲದಿದ್ದರೆ ಒಂದು ತಂಡದ ಫಲಿತಾಂಶವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ.

ಅರಿವು ಬಂದರೆ ಕಡಿಮೆಯಾಗುತ್ತದೆ ಎಂದೆನಷ್ಟೆ. ಅದನ್ನೇ ಚಿಕಿತ್ಸೆಯನ್ನಾಗಿಸಿದವರು ಅಮೆರಿಕದ ಮನೋವಿಜ್ಞಾನಿಗಳಾದ ನೇಥನ್ ಅಜ್ರಿನ್ ಮತ್ತು ನನ್. 1973ರಲ್ಲಿ ಅವರು ಅಭ್ಯಾಸ ಬದಲಿಸುವ ತರಬೇತಿಯೊಂದನ್ನು ವಿವರಿಸಿದರು. ಕೈ ಮೇಲೇಳುವ ಕ್ಷಣವನ್ನು ಗುರುತಿಸಲು ಕಲಿಯಬೇಕು. ಗುರುತಿಸಿದ ಕೂಡಲೇ ಕೀಳಲು ಅಸಾಧ್ಯವಾಗುವ ಇನ್ನೊಂದು ಕೆಲಸ ಮಾಡಬೇಕು. ಉದಾಹರಣೆಗೆ, ಮುಷ್ಟಿ ಬಿಗಿಹಿಡಿದು ಕೆಲವು ನಿಮಿಷ ಹಾಗೆಯೇ ಇರಬೇಕು. ಕೇಳಲು ಸರಳ, ಮಾಡಲು ತರಬೇತಿ ಪಡೆದವರ ನೆರವು ಬೇಕು. ನಾನು ಅಂದು ಗದರಿದ್ದು ಇದಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಔಷಧವನ್ನೂ ತರಬೇತಿಯನ್ನೂ ಎದುರುಬದುರು ನಿಲ್ಲಿಸಿದ ಪ್ರಯೋಗ 2003ರಲ್ಲಿ ನೆದರ್ಲೆಂಡ್ಸ್‌ನಿಂದ ಬಂತು. ಆಗ್ನೆಸ್ ಫಾನ್ ಮಿನೆನ್ ತಂಡ 43 ಜನರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿತು: ವರ್ತನಾ ಚಿಕಿತ್ಸೆ, ಫ್ಲೂಆಕ್ಸೆಟೀನ್, ಹಾಗೂ ಏನೂ ಕೊಡದೆ ಕಾಯುವ ಪಟ್ಟಿ. ಹನ್ನೆರಡು ವಾರಗಳ ಬಳಿಕ ಗಮನಾರ್ಹವಾಗಿ ಸುಧಾರಿಸಿದವರು ವರ್ತನಾ ಚಿಕಿತ್ಸೆಯಲ್ಲಿ ಶೇ. 64, ಫ್ಲೂಆಕ್ಸೆಟೀನ್‌ನಲ್ಲಿ ಶೇ. 9, ಕಾಯುವ ಪಟ್ಟಿಯಲ್ಲಿ ಶೇ. 20.

ಈ ಅಂಕಿಗಳನ್ನು ತರಗತಿಯಲ್ಲಿ ಬರೆದರೆ ಒಬ್ಬ ಚುರುಕು ವಿದ್ಯಾರ್ಥಿ ಕೂಡಲೇ ಕೈಯೆತ್ತುತ್ತಾನೆ. "ಹಾಗಾದರೆ ಆ ಔಷಧ ತೆಗೆದುಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಲೇಸಲ್ಲವೇ ಸರ್?" ಅವನಿಗೆ ಸಂಖ್ಯೆಗಳ ಹಿಂದಿರುವ ತಲೆಗಳನ್ನು ಎಣಿಸಲು ಹೇಳಿ. ಇಷ್ಟು ಚಿಕ್ಕ ಗುಂಪುಗಳಲ್ಲಿ ಶೇ. 9 ಎಂದರೆ ಹನ್ನೊಂದರಲ್ಲಿ ಒಬ್ಬರು, ಶೇ. 20 ಎಂದರೆ ಹದಿನೈದರಲ್ಲಿ ಮೂವರು. ಇನ್ನೊಬ್ಬರು ಸುಧಾರಿಸಿದ್ದರೆ ಶೇ. 9 ಎಂಬುದು ಶೇ. 18 ಆಗುತ್ತಿತ್ತು. ಅಂಥ ವ್ಯತ್ಯಾಸಕ್ಕೆ ಅರ್ಥ ಕಟ್ಟಬಾರದು. ಶೇ. 64ರ ಮಾತು ಬೇರೆ. ಅದು ಹದಿನಾಲ್ಕರಲ್ಲಿ ಒಂಬತ್ತು. ಇಲ್ಲಿಗೇ ವರ್ತನಾ ಚಿಕಿತ್ಸೆಗೆ ಪಟ್ಟ ಕಟ್ಟುವಂತೆಯೂ ಇಲ್ಲ. ಆ ಚಿಕಿತ್ಸೆ ಪಡೆದವರನ್ನು ಎರಡು ವರ್ಷಗಳ ನಂತರ ನೋಡಿದಾಗ ಪಡೆದ ಲಾಭದ ಬಹುಪಾಲು ಸವೆದಿತ್ತು.

ಮುಂದಿನ ತಿರುವು ಅನಿರೀಕ್ಷಿತ ದಿಕ್ಕಿನಿಂದ ಬಂತು. ಎನ್-ಅಸಿಟೈಲ್ ಸಿಸ್ಟೀನ್ ಎಂಬುದು ಕಫ ಕರಗಿಸಲು, ಪ್ಯಾರಸಿಟಮಾಲ್ ಅತಿಯಾಗಿ ಸೇವಿಸಿದವರ ಯಕೃತ್ತು ಉಳಿಸಲು ಬಳಸುವ ಹಳೆಯ ಔಷಧ. ಅದು ಮಿದುಳಿನಲ್ಲಿ ಗ್ಲುಟಮೇಟ್ ಎಂಬ ಮತ್ತೊಂದು ವಾಹಕದ ಸಮತೋಲವನ್ನು ಪ್ರಭಾವಿಸುತ್ತದೆ. ಸೆರೊಟೊನಿನ್ನನ್ನು ಪಕ್ಕಕ್ಕಿಟ್ಟು ಗ್ಲುಟಮೇಟ್ ಕಡೆಗೆ ನೋಡಿದವರು ಜಾನ್ ಗ್ರಾಂಟ್ ಮತ್ತು ಸಂಗಡಿಗರು. ಅವರ 2009ರ ಪ್ರಯೋಗದಲ್ಲಿ 50 ವಯಸ್ಕರಿದ್ದರು. ದಿನಕ್ಕೆ 1200ರಿಂದ 2400 ಮಿಲಿಗ್ರಾಂ, ಹನ್ನೆರಡು ವಾರ. ಔಷಧ ಪಡೆದವರಲ್ಲಿ ಶೇ. 56 ಚೆನ್ನಾಗಿ ಸುಧಾರಿಸಿದರು, ಹುಸಿಗುಳಿಗೆ ಪಡೆದವರಲ್ಲಿ ಶೇ. 16. ಗುಂಪಿಗೆ 25 ಜನರೆಂದು ಹಿಡಿದರೆ 14 ಮತ್ತು 4. ಶೇ. 16ರ ಸಂಭಾವ್ಯತೆಯಲ್ಲಿ 25 ಜನರ ಗುಂಪಿನ ಸಹಜ ಏರಿಳಿತ ಎಷ್ಟೆಂದು ಲೆಕ್ಕಹಾಕಿ ನೋಡಿ: 25, 0.16, 0.84 ಇವುಗಳ ಗುಣಲಬ್ಧದ ವರ್ಗಮೂಲ, ಅಂದರೆ ಸುಮಾರು 1.8. ನಾಲ್ಕರಿಂದ ಹದಿನಾಲ್ಕಕ್ಕೆ ಆಕಸ್ಮಿಕವಾಗಿ ನೆಗೆಯುವುದು ಸುಲಭವಲ್ಲ.

ಮರುವರ್ಷ, 2010ರಲ್ಲಿ, ಕೆನಡಾದ ಒಂದು ತಂಡ ಮನೋವಿಕಾರಗಳಿಗೆ ಕೊಡುವ ಒಲಾಂಜಪೀನ್ ಔಷಧವನ್ನು 25 ಜನರಲ್ಲಿ ಪರೀಕ್ಷಿಸಿತು. ಹದಿಮೂವರಲ್ಲಿ ಹನ್ನೊಂದು ಜನ ಸುಧಾರಿಸಿದರು, ಹುಸಿಗುಳಿಗೆಯ ಹನ್ನೆರಡರಲ್ಲಿ ಇಬ್ಬರು. ಫಲಿತಾಂಶ ಬಲವಾಗಿದೆ, ಆದರೆ ತೂಕ ಏರಿಸುವ, ಸಕ್ಕರೆಯ ಹತೋಟಿ ಕೆಡಿಸಬಲ್ಲ ಔಷಧವದು. ಕೂದಲು ಉಳಿಸಲು ಎಷ್ಟು ಬೆಲೆ ತೆರಬಹುದು ಎಂಬುದು ವೈದ್ಯರೂ ರೋಗಿಯೂ ಕೂಡಿ ನಿರ್ಧರಿಸಬೇಕಾದ ಪ್ರಶ್ನೆ.

ಮಕ್ಕಳ ವಿಷಯಕ್ಕೆ ಬರೋಣ, ಏಕೆಂದರೆ ಶಿಕ್ಷಕರಾದ ನಮಗೆ ಅದೇ ಮುಖ್ಯ. ಎನ್-ಅಸಿಟೈಲ್ ಸಿಸ್ಟೀನ್ ವಯಸ್ಕರಲ್ಲಿ ಗೆದ್ದಿತ್ತು, ಸೌಮ್ಯವಾದ ಔಷಧವೂ ಹೌದು. ಮಕ್ಕಳಿಗೆ ಕೊಟ್ಟರೆ ತಪ್ಪೇನು ಎಂದು ಯಾರಿಗಾದರೂ ಅನಿಸುತ್ತದೆ. 2013ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಬ್ಲಾಕ್ ತಂಡ 8ರಿಂದ 17 ವರ್ಷದ 39 ಮಕ್ಕಳಲ್ಲಿ ಅದನ್ನು ಹನ್ನೆರಡು ವಾರ ಪರೀಕ್ಷಿಸಿತು. ಹುಸಿಗುಳಿಗೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ತೊಂದರೆ ಆರಂಭವಾಗುವುದೇ ಆ ವಯಸ್ಸಿನಲ್ಲಿ, ಔಷಧ ಸೋತದ್ದೂ ಆ ವಯಸ್ಸಿನಲ್ಲೇ. ಆದ್ದರಿಂದ ನಿಮ್ಮ ತರಗತಿಯಲ್ಲಿ ಇಂಥ ಮಗುವಿದ್ದರೆ ಔಷಧದಂಗಡಿಯ ಸಲಹೆಗೆ ಬಿಡಬೇಡಿ. ಮಗುವನ್ನು ಪ್ರತ್ಯೇಕವಾಗಿ, ಸಮಾಧಾನದಿಂದ ಮಾತನಾಡಿಸಿ, ಪೋಷಕರಿಗೆ ಮನೋವೈದ್ಯರನ್ನು ಕಾಣಲು ಹೇಳಿ. ದೂರದ ಊರುಗಳವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅದರ ರಾಷ್ಟ್ರಮಟ್ಟದ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಅದೇ 2013ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಅಲ್ಲಿಯವರೆಗಿನ ಔಷಧ ಪ್ರಯೋಗಗಳನ್ನು ಜಾಲಾಡಿದರು. ಅವರ ಮಾನದಂಡಕ್ಕೆ ನಿಂತವು ಎಂಟು. ಎಂಟರಲ್ಲೂ ಕೂಡಿಸಿ 204 ಜನ. ಸುಮಾರು ಕಾಲು ಶತಮಾನದ ಸಾಕ್ಷ್ಯವೆಲ್ಲ ಒಂದು ಸಾಧಾರಣ ಪ್ರೌಢಶಾಲೆಯ ಹಾಜರಿ ಪುಸ್ತಕದಲ್ಲಿ ಹಿಡಿಸುತ್ತದೆ! ಕ್ಲೋಮಿಪ್ರಮೀನ್, ಎನ್-ಅಸಿಟೈಲ್ ಸಿಸ್ಟೀನ್, ಒಲಾಂಜಪೀನ್ ಈ ಮೂರಕ್ಕೆ ಆರಂಭಿಕ ಆಧಾರವಿದೆ, ಪ್ರತಿಯೊಂದಕ್ಕೂ ಒಂದೊಂದೇ ಚಿಕ್ಕ ಪ್ರಯೋಗ ಎಂದು ಅವರು ಬರೆದರು. ರೋಗಿಗಳು ನಾಚಿಕೆಯಿಂದ ಅಡಗಿಕೊಳ್ಳುವ ತೊಂದರೆಗೆ ಪ್ರಯೋಗಕ್ಕೆ ಜನ ಸಿಗುವುದೂ ಕಷ್ಟ. ಟೋಪಿ, ಬಟ್ಟೆ, ಬೈತಲೆ ಬದಲಿಸಿ ಬಾಚಿದ ಕೂದಲು ಇವುಗಳ ಹಿಂದೆ ಇರುವವರು ಪ್ರಯೋಗಾಲಯಕ್ಕೆ ತಾವಾಗಿ ಬರುವುದಿಲ್ಲ.

2023ರಲ್ಲಿ ಗ್ರಾಂಟ್ ತಂಡ ಶಿಕಾಗೊ ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿತು. ಈ ಸಲದ ಔಷಧ ಮೆಮಾಂಟೀನ್. ಅಲ್‌ಜೈಮರ್ ಕಾಯಿಲೆಗೆ ಕೊಡುವ, ಗ್ಲುಟಮೇಟ್‌ನ ಒಂದು ಗ್ರಾಹಕವನ್ನು ತಡೆಯುವ ಗುಳಿಗೆ. ನೂರು ವಯಸ್ಕರು, ಎಂಟು ವಾರ. ಚೆನ್ನಾಗಿ ಸುಧಾರಿಸಿದವರು ಔಷಧದ ಗುಂಪಿನಲ್ಲಿ ಶೇ. 60.5, ಹುಸಿಗುಳಿಗೆಯ ಗುಂಪಿನಲ್ಲಿ ಶೇ. 8.3. ಈ ಕ್ಷೇತ್ರಕ್ಕೆ ನೂರು ದೊಡ್ಡ ಸಂಖ್ಯೆ. ಆದರೆ ಆ ನೂರರಲ್ಲಿ ಕೂದಲು ಕೀಳುವವರ ಜೊತೆಗೆ ಚರ್ಮ ಕೆರೆದು ಕೀಳುವವರೂ ಸೇರಿದ್ದರು.

ಈ ಎಂಟು ವಾರ ಎಂಬುದರ ಮೇಲೆ ನನ್ನ ಕಣ್ಣಿದೆ. 2009ರ ಪ್ರಯೋಗದಲ್ಲಿ ಎನ್-ಅಸಿಟೈಲ್ ಸಿಸ್ಟೀನ್ ಹುಸಿಗುಳಿಗೆಗಿಂತ ಸ್ಪಷ್ಟವಾಗಿ ಮುಂದೆ ಹೋದದ್ದು ಒಂಬತ್ತು ವಾರಗಳ ಬಳಿಕ. 1989ರವರಂತೆ ಐದು ವಾರಕ್ಕೋ, 1991ರವರಂತೆ ಆರು ವಾರಕ್ಕೋ ಅದನ್ನು ನಿಲ್ಲಿಸಿದ್ದರೆ ಗ್ರಾಂಟ್ ತಂಡ ಔಷಧವನ್ನು ನಿರರ್ಥಕವೆಂದು ಬದಿಗಿಡಬೇಕಾಗುತ್ತಿತ್ತು. ಮೆಮಾಂಟೀನ್ ಎಂಟು ವಾರದೊಳಗೇ ಫಲ ತೋರಿಸಿದೆ. ಆ ಫಲ ಎಂಟು ತಿಂಗಳು ನಿಲ್ಲುವುದೇ, ಗುಳಿಗೆ ನಿಲ್ಲಿಸಿದ ಮೇಲೆ ಏನಾಗುವುದು, ಹನ್ನೆರಡು ವರ್ಷದ ಹುಡುಗಿಗೂ ಅದು ಹಿಡಿಸುವುದೇ ಎಂಬುದನ್ನು ಎಂಟು ವಾರದ ಪ್ರಯೋಗ ಹೇಳಲಾರದು. ಅಮೆರಿಕದ ಔಷಧ ನಿಯಂತ್ರಕರು ಈ ಗೀಳಿಗೆಂದೇ ಅನುಮೋದಿಸಿದ ಗುಳಿಗೆ ಇನ್ನೂ ಒಂದೂ ಇಲ್ಲ.